ಅಂತರಗಂಗೆಯ ಪಾಠ

ಕಳೆದ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ಕೆಲಸ ಮುಗಿದ ಮೇಲೆ ಒಂದು ದಿನ ಬಿಡುವು ಉಳಿಯಿತು. ಕಾಫಿ ಮೂಟೆ ಸಾಗಿಸುವ ನಮ್ಮ ವ್ಯಾನಿನಲ್ಲಿ ಒಬ್ಬರೇ ನಸುಕಿಗೇ ಹೊರಟು, ನರಗುಂದ, ರೋಣ ಹಾದು ಗಜೇಂದ್ರಗಡದ ಕಡೆ ಹೋದೆವು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ಸೀಮೆ. ಅಲ್ಲಿ ಜಲಪಾತ ನೋಡಲು ಹೋದಿರಾ ಎಂದು ಸದಸ್ಯ ಬಾಂಧವರು ನಗಬಹುದು.

ಮೊದಲು ಕುಷ್ಟಗಿ ತಾಲ್ಲೂಕಿನ ಕಬ್ಬರಗಿಯಲ್ಲಿ ವ್ಯಾನು ನಿಲ್ಲಿಸಿ, ಬಂಡೆಗಳ ನಡುವೆ ನಡೆದು ಕಪಿಲತೀರ್ಥ ಕಂಡೆವು. ಮಳೆ ಬಿದ್ದಾಗ ಧುಮುಕುವ ನೀರು. ಮಳೆ ಹಿಂದಾದರೆ ಸೊರಗುತ್ತದೆ. ಮಧ್ಯಾಹ್ನ ಗಜೇಂದ್ರಗಡದ ಬಳಿ ಕಾಲಕಾಲೇಶ್ವರನ ಗುಡ್ಡದ ಮೆಟ್ಟಿಲೇರಿದೆವು. ಅಲ್ಲಿಯ ಅಂತರಗಂಗೆ ಮರದ ಬೇರುಗಳ ನಡುವಿನಿಂದ ಒಸರಿ ಹೊಂಡಕ್ಕೆ ಬೀಳುವ ಸಣ್ಣ ಧಾರೆ. ಬೇಸಿಗೆಯಲ್ಲೂ ಅದು ನಿಲ್ಲುವುದಿಲ್ಲ. ಗುಡ್ಡದ ಮೇಲೆ ಸುರಿದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಂಗಿ, ನಿಧಾನವಾಗಿ ಹೊರಬರುತ್ತದೆ.

ನಮ್ಮ ಮಲೆನಾಡಿನಲ್ಲಿ ಇದರ ನಾಲ್ಕು ಪಟ್ಟು ಮಳೆ. ಆದರೂ ಕಳೆದ ಬೇಸಿಗೆ ನಮ್ಮ ತೋಟದ ಹಳ್ಳ ಒಣಗಿ, ಅಡಿಕೆಗೆ ನೀರಿಲ್ಲದಾಯಿತು. ತಪ್ಪು ನಮ್ಮದೇ. ಹಳ್ಳದ ತಲೆಯಲ್ಲಿದ್ದ ಕಾಡುಮರ ಕಡಿಸಿ ಅಡಿಕೆ ಸಸಿ ಹಾಕಿಸಿದವರು ನಾವು. ಊರಿಗೆ ಮರಳಿದವರೇ ಅಲ್ಲಿ ತೊಟ್ಟಿಲು ಗುಂಡಿ ತೆಗೆಸಿದ್ದೇವೆ. ಬರುವ ಮಳೆಗಾಲಕ್ಕೆ ಕಾಡುಸಸಿ ನೆಡುವವರಿದ್ದೇವೆ. ಸದಸ್ಯರೂ ಬೇಸಿಗೆಗೆ ಮುಂಚೆ ತಮ್ಮ ಹಳ್ಳದ ತಲೆಯವರೆಗೆ ಒಮ್ಮೆ ನಡೆದು ನೋಡಿ ಬರಬೇಕಾಗಿ ವಿನಂತಿ.