ಬಾವಿಯ ಪಂಪು ಎತ್ತುವ ವಿಂಚಿಗೆ ಎಂತಹ ಹಿಡಿ ಇರಬೇಕು?

ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪು ಆರೇಳು ಮೀಟರಿಗಿಂತ ಹೆಚ್ಚು ಆಳದಿಂದ ನೀರನ್ನು ಹೀರಲಾರದು. ಆದ್ದರಿಂದ ಬೇಸಗೆಯಲ್ಲಿ ನೀರು ತಗ್ಗಿದಂತೆ ಪಂಪನ್ನು ಬಾವಿಯೊಳಗಿನ ಮೆಟ್ಟಿಗೆ ಇಳಿಸಬೇಕಾಗುತ್ತದೆ. ಮಳೆ ಹಿಡಿಯುವ ಮೊದಲು ಅದನ್ನು ಮೇಲಕ್ಕೆ ತರದಿದ್ದರೆ ಮೋಟಾರು ಮುಳುಗುತ್ತದೆ. ಕಾಪುವಿನ ಮರಳು ನೆಲದ ಬಾವಿಗಳಲ್ಲಿ ಈ ಕೆಲಸ ಸುಲಭ. ಮಣಿಪಾಲ, ಕಾರ್ಕಳದ ಕಡೆಯ ಮುರಕಲ್ಲಿನ ಆಳ ಬಾವಿಗಳಲ್ಲಿ ಕೈ ವಿಂಚು ಅಥವಾ ಕರೆಂಟಿನ ಹಾಯಿಸ್ಟ್ ಬೇಕಾಗುತ್ತದೆ. ಇವನ್ನು ಕೊಳ್ಳುವಾಗ ಎಷ್ಟು ಭಾರ ಎತ್ತುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಹಿಡಿಯನ್ನು ಪರೀಕ್ಷಿಸುವವರು ಕಡಿಮೆ.

ಕಾರ್ಕಳದ ಹತ್ತಿರದ ಒಂದು ತೋಟದಲ್ಲಿ ವಿಂಚಿನ ಹಿಡಿ ಜಾರಿ, ಹಿಮ್ಮುಖ ತಿರುಗಿ, ಕೆಲಸದವರೊಬ್ಬರ ಮುಂಗೈ ಮುರಿದುದನ್ನು ನಾನು ಕಂಡಿದ್ದೇನೆ. ಹಿಡಿಯೆಂದರೆ ಬೆರಳು ಗಾತ್ರದ ಬರಿಯ ಸರಳು. ಕೈ ಒದ್ದೆಯಾಗಿತ್ತು. ತಡೆಕೊಕ್ಕೆ ಸವೆದಿತ್ತು.

ಹಿಡಿ 3ರಿಂದ 4 ಸೆಂ.ಮೀ. ದಪ್ಪ, ಕನಿಷ್ಠ 12 ಸೆಂ.ಮೀ. ಉದ್ದ ಇರಲಿ. ತೆಳು ಸರಳು ಅಂಗೈಗೆ ಒತ್ತುತ್ತದೆ. ತೀರಾ ದಪ್ಪವಾದರೆ ಬೆರಳು ಸುತ್ತುವುದಿಲ್ಲ. ಸರಳಿನ ಮೇಲೆ ಮರದ ಕೊಳವೆ ಸಡಿಲವಾಗಿ ತಿರುಗುವಂತಿದ್ದರೆ ಅಂಗೈ ಉಜ್ಜಿ ಬೊಕ್ಕೆ ಏಳುವುದಿಲ್ಲ. ಬೆರಳಿಗೆಂದು ಗುಳಿ ಕೊರೆಸಬೇಡಿರಿ. ಒಬ್ಬರ ಬೆರಳಿಗೆ ಹೊಂದಿದ ಗುಳಿ ಇನ್ನೊಬ್ಬರಿಗೆ ಹೊಂದದು.

ಎತ್ತರವೂ ಮುಖ್ಯ. ಹಿಡಿಯ ತೋಳು 30 ಸೆಂ.ಮೀ. ಇದ್ದು ಅಚ್ಚು ನೆಲದಿಂದ 95 ಸೆಂ.ಮೀ. ಎತ್ತರದಲ್ಲಿದ್ದರೆ, ಹಿಡಿ 65ರಿಂದ 125 ಸೆಂ.ಮೀ.ವರೆಗೆ ಸುತ್ತುತ್ತದೆ. ಆಗ ಗಂಡಸರಿಗೆ ಹೆಚ್ಚು ಬಗ್ಗಬೇಕಾಗದು, ಹೆಂಗಸರಿಗೆ ತೋಳು ಭುಜದ ಮೇಲೆ ಎತ್ತಬೇಕಾಗದು. ನಮ್ಮಲ್ಲಿ ಗಂಡಸರ ಅಳತೆಗೆ ಮಾಡಿದ ಸಾಧನವನ್ನೇ ಹೆಂಗಸರ ಕೈಗೂ ಕೊಡುವುದು ವಾಡಿಕೆಯಾಗಿಬಿಟ್ಟಿದೆ.

ಈಗ ಶ್ರಮದ ಲೆಕ್ಕ. ಹಗ್ಗ ಸುತ್ತುವ ಉರುಳೆಯ ವ್ಯಾಸ 12 ಸೆಂ.ಮೀ., ಅಂದರೆ ಅರೆವ್ಯಾಸ 6 ಎಂದಿಟ್ಟುಕೊಳ್ಳಿ. ತೋಳು ಅದರ ಐದರಷ್ಟು. 60 ಕಿ.ಗ್ರಾಂ. ಪಂಪಿಗೆ ಹಿಡಿಯಲ್ಲಿ 12 ಕಿ.ಗ್ರಾಂ. ಬಲ ಬೇಕು, ಘರ್ಷಣೆ ಬೇರೆ. ಹಗ್ಗ ಎರಡನೆಯ ಸುತ್ತಿಗೆ ಏರಿದರೆ ಉರುಳೆ ದಪ್ಪವಾಗಿ ಶ್ರಮ ಇನ್ನೂ ಹೆಚ್ಚುತ್ತದೆ. ಒಬ್ಬರೇ ಬಹಳ ಹೊತ್ತು ತಿರುಗಿಸಲು ಇದು ಹೆಚ್ಚಾಯಿತು. ಮೂರಕ್ಕೊಂದರ ಗೇರು ಇದ್ದರೆ ಬಲ 4 ಕಿ.ಗ್ರಾಂ.ಗೆ ಇಳಿಯುತ್ತದೆ. ಆದರೆ 5 ಮೀಟರು ಎತ್ತಲು ಹದಿಮೂರು ಸುತ್ತಿನ ಬದಲು ನಲವತ್ತು ಸುತ್ತು ಬೇಕು. ತಡವಾದರೂ ಇದೇ ಲೇಸು.

ಅಪಾಯ ಹೆಚ್ಚಿರುವುದು ಇಳಿಸುವಾಗ. ತಡೆಕೊಕ್ಕೆ ಎತ್ತಿ, ಬರಿಗೈಯಲ್ಲಿ ಹಿಡಿ ಹಿಡಿದು ಇಳಿಸುವ ರೂಢಿಯನ್ನು ಬಿಡಬೇಕು. ಕೈ ಬಿಟ್ಟೊಡನೆ ಭಾರ ತಾನಾಗಿ ನಿಲ್ಲುವ ಬ್ರೇಕಿರುವ ವಿಂಚನ್ನೇ ಆರಿಸಿರಿ.

ಕರೆಂಟಿನ ಹಾಯಿಸ್ಟಿನಲ್ಲಿ ಹಿಡಿಯ ಬದಲು ತೂಗುವ ಸ್ವಿಚ್ಚು ಇರುತ್ತದೆ. ಅದು ಸೊಂಟಕ್ಕೂ ಮೊಣಕೈಗೂ ನಡುವಿನ ಎತ್ತರದಲ್ಲಿರಲಿ. ಮೇಲಿನ ಗುಂಡಿಯಿಂದ ಭಾರ ಮೇಲೆ, ಕೆಳಗಿನದರಿಂದ ಕೆಳಗೆ ಹೋಗಬೇಕು. ವೈರಿಂಗ್ ಅದಲುಬದಲಾದ ಸ್ವಿಚ್ಚನ್ನು "ನಮಗೆ ಅಭ್ಯಾಸವಾಗಿದೆ" ಎಂದು ಹಾಗೆಯೇ ಬಿಡಬಾರದು. ಗಾಬರಿಯಲ್ಲಿ ಅಭ್ಯಾಸ ಕೈಕೊಡುತ್ತದೆ. ಬೆರಳು ತೆಗೆದೊಡನೆ ಯಂತ್ರ ನಿಲ್ಲಬೇಕು. ಗುಂಡಿಗೆ ಕಡ್ಡಿ ಸಿಕ್ಕಿಸಿ ಓಡಿಸುವುದು ಸಲ್ಲದು. ಒದ್ದೆ ಕೈಯ ಕೆಲಸವಾದ್ದರಿಂದ ಅರ್ತಿಂಗ್ ಮತ್ತು ಸೋರಿಕೆ ತಡೆಯುವ ಬ್ರೇಕರ್ ಇರಲೇಬೇಕು. ಪಂಪಿಗೆಂದು ಹಾಕಿದ ಹಾಯಿಸ್ಟಿನಲ್ಲಿ ಜನರನ್ನು ಬಾವಿಗೆ ಇಳಿಸಬಾರದು.

ಮೇ ತಿಂಗಳ ಕೊನೆಯೊಳಗೆ ಒಮ್ಮೆ ಭಾರ ಕಟ್ಟಿ, ನೆಲದಿಂದ ಒಂದು ಅಡಿ ಮಾತ್ರ ಎತ್ತಿ, ಕೈ ಬಿಟ್ಟು ನೋಡಿರಿ. ಭಾರ ಜಾರಿದರೆ ಬ್ರೇಕನ್ನು ಸರಿಪಡಿಸಿದ ಮೇಲೆಯೇ ಪಂಪಿಗೆ ಹಗ್ಗ ಕಟ್ಟಿರಿ.