ಹಳ್ಳಿ ಪಟ್ಟಣವಾದಾಗ: ಪುರಸಭೆಯ ಬಾಗಿಲು ಯಾವ ಕಡೆಗಿದೆ?



ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನಲ್ಲಿ ಹಳ್ಳಿಖೇಡ (ಬಿ) ಎಂಬ ಊರಿದೆ. ಆ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಮೊದಲಿಗೆ ಕನ್ನಡದ 'ಹಳ್ಳಿ' ಕೇಳಿಸುತ್ತದೆ. ಅದರ ಹಿಂದೆಯೇ ಬರುವ 'ಖೇಡ' ಮರಾಠಿಯ 'ಖೇಡೆ'ಯನ್ನು ನೆನಪಿಸುತ್ತದೆ. ಅದರ ಅರ್ಥವೂ ಹಳ್ಳಿಯೇ. ಕೊನೆಯ 'ಬಿ' ಅಕ್ಷರ ನಿಜಾಮರ ಕಾಲದ ಕಂದಾಯ ಕಾಗದಗಳ ಗುರುತು. ಬುಜುರ್ಗ್ ಎಂದರೆ ದೊಡ್ಡದು. ಚಿಕ್ಕದಕ್ಕೆ ಖುರ್ದ್ ಎನ್ನುತ್ತಿದ್ದರು. ಅದೇ ತಾಲ್ಲೂಕಿನಲ್ಲಿ ಹಳ್ಳಿಖೇಡ (ಕೆ) ಎಂಬ ಇನ್ನೊಂದು ಊರು ಇರುವುದು ಈ ಕಾರಣಕ್ಕೇ. ಅರ್ಜಿ ತುಂಬುವಾಗ ಆವರಣದೊಳಗಿನ ಒಂದಕ್ಷರ ಬಿಟ್ಟರೆ ನಿಮ್ಮ ಪತ್ರ ಬೇರೆ ಊರಿಗೆ ಹೋದೀತು ಎಂಬುದನ್ನು ಆ ಭಾಗದ ಅಂಚೆಯವರು ಚೆನ್ನಾಗಿ ಬಲ್ಲರು.

ಹೆಸರಿನಲ್ಲಿ ಎರಡು ಸಲ ಹಳ್ಳಿ ಎಂದಿದ್ದರೂ ಕಾನೂನಿನ ಕಣ್ಣಿಗೆ ಹಳ್ಳಿಖೇಡ (ಬಿ) ಹಳ್ಳಿಯಲ್ಲ. ಮೊದಲು ಅದು ಪಟ್ಟಣ ಪಂಚಾಯಿತಿಯಾಗಿತ್ತು, ಈಗ ಪುರಸಭೆಯಾಗಿದೆ. ಇದರಿಂದ ಬೋರ್ಡಿನ ಮೇಲಿನ ಹೆಸರಷ್ಟೇ ಬದಲಾಯಿತು ಎಂದು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ. ಏನು ಬಂತು, ಏನು ಹೋಯಿತು ಎಂಬುದನ್ನು ನೋಡೋಣ.

ನಮ್ಮ ರಾಜ್ಯದಲ್ಲಿ ಊರಿನ ದರ್ಜೆಯನ್ನು ಮುಖ್ಯವಾಗಿ ಜನಸಂಖ್ಯೆಯ ಮೇಲೆ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, ಅಲ್ಲಿಂದ 50 ಸಾವಿರದವರೆಗೆ ಪುರಸಭೆ, ಅದಕ್ಕೂ ಮೇಲ್ಪಟ್ಟರೆ ನಗರಸಭೆ. ನೆರೆಯ ಬಸವಕಲ್ಯಾಣದಲ್ಲಿ ಇರುವುದು ನಗರಸಭೆ. ಕಲಬುರಗಿಯಲ್ಲಿ ಮಹಾನಗರ ಪಾಲಿಕೆ. ದುಡಿಯುವವರಲ್ಲಿ ಅರ್ಧದಷ್ಟಾದರೂ ಜನ ಬೇಸಾಯವಲ್ಲದ ಕಸುಬಿನಲ್ಲಿರಬೇಕು ಎಂಬ ನಿಯಮವೂ ಉಂಟು. ಪುರಸಭೆಗಳನ್ನು ಆಳುವ ಕಾನೂನು 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ. ಗ್ರಾಮ ಪಂಚಾಯಿತಿಗಳಿಗೆ ಬೇರೆಯೇ ಕಾನೂನು ಇದೆ, 1993ರದು.

ಈ ಎರಡು ಕಾನೂನುಗಳ ನಡುವಿನ ಒಂದು ವ್ಯತ್ಯಾಸವನ್ನು ಪಠ್ಯಪುಸ್ತಕಗಳು ಒತ್ತಿ ಹೇಳುವುದಿಲ್ಲ. ಹಳ್ಳಿಯಲ್ಲಿ ಗ್ರಾಮಸಭೆ ಇದೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರೇ ಆಗಲಿ ಅಲ್ಲಿ ಎದ್ದು ನಿಂತು 'ನಮ್ಮ ಓಣಿಯ ಚರಂಡಿ ಏನಾಯಿತು?' ಎಂದು ಕೇಳಬಹುದು. ಆ ಸಭೆ ಎಷ್ಟು ಕಡೆ ನೆಟ್ಟಗೆ ನಡೆಯುತ್ತದೆ ಎಂಬುದು ಬೇರೆ ಮಾತು. ಹಕ್ಕಂತೂ ಇದೆ. ಊರು ಪಟ್ಟಣವಾದ ದಿನವೇ ಆ ಹಕ್ಕು ಕೊನೆಗೊಳ್ಳುತ್ತದೆ. ಅದರ ಬದಲು ಬರುವುದೇನು? ಪಟ್ಟಣಗಳಿಗೆ ಸ್ವಯಮಾಡಳಿತ ಕೊಟ್ಟ ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದು ವಾರ್ಡ್ ಸಮಿತಿಗಳ ಮಾತನ್ನೇನೋ ಆಡುತ್ತದೆ. ಆದರೆ ಅವು ಕಡ್ಡಾಯವಾಗಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಮಾತ್ರ. ಕಲಬುರಗಿ ಆ ಲೆಕ್ಕಕ್ಕೆ ಬರುತ್ತದೆ. ಹಳ್ಳಿಖೇಡ ಬರುವುದಿಲ್ಲ. ಹುಮನಾಬಾದ ಬರುವುದಿಲ್ಲ, ಬಸವಕಲ್ಯಾಣವೂ ಬರುವುದಿಲ್ಲ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ಕೆಲಸವೂ ಪುರಸಭೆಯ ಗಡಿಯೊಳಗೆ ಸಿಗುವುದಿಲ್ಲ. ಊರಿನ ಅಂಚಿನಲ್ಲಿ ಕೂಲಿಯನ್ನೇ ನಂಬಿದ ಮನೆಗಳಿಗೆ ಇದು ಸಣ್ಣ ನಷ್ಟವಲ್ಲ.

ಹಾಗಾದರೆ ಚಿಕ್ಕ ಪಟ್ಟಣದ ನಿವಾಸಿಗೆ ಯಾವ ಬಾಗಿಲು ಉಳಿಯಿತು?

ಮೊದಲನೆಯದು ವಾರ್ಡಿನ ಸದಸ್ಯರು. ಪುರಸಭೆಗೆ ಸದಸ್ಯರು ಆಯ್ಕೆಯಾಗುತ್ತಾರೆ, ವಾರ್ಡಿಗೆ ಒಬ್ಬರಂತೆ. ಸರ್ಕಾರ ನೇಮಿಸುವ ಸದಸ್ಯರೂ ಇರುತ್ತಾರೆ, ಅವರಿಗೆ ಮತದ ಹಕ್ಕಿಲ್ಲ. ಅಧ್ಯಕ್ಷ ಮತ್ತು ಉಪಾಧ್ಯಕ್ಷರ ಅವಧಿ 30 ತಿಂಗಳು. ಆಡಳಿತ ನಡೆಸುವವರು ಸರ್ಕಾರದಿಂದ ಬಂದ ಮುಖ್ಯಾಧಿಕಾರಿ. ಕಾಗದದ ಮೇಲೆ ಈ ಏರ್ಪಾಡು ಚೆನ್ನಾಗಿಯೇ ಇದೆ. ಆದರೆ ನಡೆದದ್ದನ್ನು ನೋಡಿ. 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಚುನಾವಣೆಯಾಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿಯ ವಿವಾದ ನ್ಯಾಯಾಲಯಕ್ಕೆ ಹೋಗಿ, ಅನೇಕ ಕಡೆ ಅಧ್ಯಕ್ಷರ ಆಯ್ಕೆ 2020ರ ಕೊನೆಯ ತಿಂಗಳುಗಳವರೆಗೆ ತಡೆಯಿತು. ಎರಡು ವರ್ಷ ಗೆದ್ದವರಿದ್ದರು, ಸಭೆ ಕರೆಯುವವರಿರಲಿಲ್ಲ. ಆಡಳಿತಾಧಿಕಾರಿಗಳೇ ಎಲ್ಲವನ್ನೂ ನಡೆಸಿದರು. ಆ ಕಾಲದಲ್ಲಿ ಸದಸ್ಯರ ಮನೆಗೆ ಹೋದವರಿಗೆ 'ನನ್ನ ಕೈಯಲ್ಲಿ ಏನಿದೆ?' ಎಂಬ ಉತ್ತರ ಸಿಕ್ಕಿದ್ದರೆ ಅದು ಪೂರ್ತಿ ಸುಳ್ಳಾಗಿರಲಿಲ್ಲ.

ಆದ್ದರಿಂದ ಎರಡನೆಯ ಬಾಗಿಲನ್ನೂ ತಿಳಿದಿರಬೇಕು. ಅದು ಕಾಗದದ ಬಾಗಿಲು. ಒಂದು ಉದಾಹರಣೆಯಿಂದ ಇದನ್ನು ವಿವರಿಸುತ್ತೇನೆ.

ಹಳ್ಳಿಖೇಡದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ತಂಗಿಯ ಶಾಲೆಗೆ ಜನನ ಪ್ರಮಾಣಪತ್ರ ಬೇಕಾಗಿದೆ. ಪುರಸಭೆಗೆ ಹೋಗಿ ವಿಚಾರಿಸುತ್ತಾಳೆ. ದಾಖಲೆಯಲ್ಲಿ ಹೆಸರಿಲ್ಲ ಎನ್ನುತ್ತಾರೆ. ಮನೆಯವರು ಕಚೇರಿಯನ್ನು ಬಯ್ಯುತ್ತಾರೆ. ಆದರೆ ತಪ್ಪು ಅಲ್ಲಿಲ್ಲದಿರಬಹುದು. ಜನನವನ್ನು ನೋಂದಾಯಿಸುವುದು ಮಗು ಹುಟ್ಟಿದ ಜಾಗದಲ್ಲಿ, ತಂದೆತಾಯಿ ವಾಸಿಸುವ ಊರಿನಲ್ಲಲ್ಲ. ತಾಯಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದರೆ ದಾಖಲೆ ತವರೂರಿನಲ್ಲಿರುತ್ತದೆ. ಬೀದರಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಬೀದರಿನಲ್ಲಿ. ನಮ್ಮ ಕಡೆಯ ತವರಿನ ಪದ್ಧತಿಯಿಂದಾಗಿ ಎಷ್ಟೋ ಮಕ್ಕಳ ದಾಖಲೆ ಅಜ್ಜಿಯ ಊರಿನಲ್ಲೇ ಉಳಿದಿರುತ್ತದೆ.

1969ರ ಕಾನೂನಿನಂತೆ ಜನನವನ್ನು 21 ದಿನಗಳೊಳಗೆ ತಿಳಿಸಿದರೆ ನೋಂದಣಿಗೆ ಹಣ ಕೊಡಬೇಕಿಲ್ಲ. ಆಮೇಲೆ 30 ದಿನಗಳವರೆಗೆ ತಡ ಶುಲ್ಕ ತೆರಬೇಕು. ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶವೇ ಬೇಕು. ಹುಮನಾಬಾದ ತಾಲ್ಲೂಕು ಬಸವಕಲ್ಯಾಣ ಉಪವಿಭಾಗಕ್ಕೆ ಸೇರಿದ್ದು. ಇಪ್ಪತ್ತೊಂದು ದಿನಗಳಲ್ಲಿ ಮುಗಿಯುತ್ತಿದ್ದ ಕೆಲಸಕ್ಕಾಗಿ ಒಂದು ಕುಟುಂಬ ಕೂಲಿ ಬಿಟ್ಟು ಬಸ್ಸು ಹತ್ತಿ ಎಷ್ಟು ಸಲ ಓಡಾಡಬೇಕಾದೀತು, ಲೆಕ್ಕ ಹಾಕಿ. ಹೆಸರಿಡುವ ಮೊದಲೇ ನೋಂದಣಿಯಾಗಿದ್ದರೆ ಹೆಸರನ್ನು ಮೊದಲ 12 ತಿಂಗಳು ಶುಲ್ಕವಿಲ್ಲದೆ ಸೇರಿಸಬಹುದು. ಅನಂತರ ಶುಲ್ಕ ಕೊಟ್ಟು 15 ವರ್ಷದವರೆಗೆ ಅವಕಾಶವಿದೆ. 2023ರ ತಿದ್ದುಪಡಿಯ ಮೇಲೆ ಈ ಕಾಗದದ ಬೆಲೆ ಇನ್ನೂ ಹೆಚ್ಚಿದೆ. 2023ರ ಅಕ್ಟೋಬರ್ 1ರಂದು ಅಥವಾ ಅದಾದ ಮೇಲೆ ಹುಟ್ಟಿದವರಿಗೆ ಶಾಲೆಯ ಪ್ರವೇಶಕ್ಕೆ, ಮತದಾರರ ಪಟ್ಟಿಗೆ, ಚಾಲನಾ ಪರವಾನಗಿಗೆ ಹುಟ್ಟಿನ ದಿನ ಮತ್ತು ಸ್ಥಳದ ಪುರಾವೆ ಇದೇ. ನಿಮ್ಮ ಮನೆಯಲ್ಲಿ ತೊಟ್ಟಿಲ ಮಗುವಿದ್ದರೆ ಇದನ್ನು ಇಂದೇ ವಿಚಾರಿಸಿ.

ಇನ್ನು ಅರ್ಜಿ ಕೊಟ್ಟ ಮೇಲಿನ ಮಾತು. 2011ರ ಸಕಾಲ ಕಾನೂನು 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂತು. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು. ಗೊತ್ತುಪಡಿಸಿದ ದಿನ ಮೀರಿದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆ ಚಿಕ್ಕದಲ್ಲ. 'ನಾಳೆ ಬನ್ನಿ' ಎಂಬ ಮಾತಿಗೆ ದಿನಾಂಕವಿಲ್ಲ, ಸ್ವೀಕೃತಿಗೆ ದಿನಾಂಕವಿದೆ. ಬಾಯಿಮಾತಿನ ದೂರನ್ನು ಕಚೇರಿ ಮರೆತರೆ ನಾವು ಏನನ್ನೂ ತೋರಿಸಲಾರೆವು. ಚರಂಡಿ, ಬೀದಿದೀಪದ ದೂರನ್ನು ಕೂಡ ಎರಡು ಪ್ರತಿ ಬರೆದು, ಒಂದರ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಇದೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಭ್ಯಾಸವಾದ ನಿಮಗೆ ಇದು ಕಷ್ಟವೆನಿಸಬಹುದು. ಪ್ರಶ್ನೆ ಹೀಗಿದ್ದರೆ ಸಾಕು: 'ನಮ್ಮ ವಾರ್ಡಿನ ಚರಂಡಿ ಕಾಮಗಾರಿಗೆ ಕಳೆದ ಸಾಲಿನಲ್ಲಿ ಎಷ್ಟು ಹಣ ಮಂಜೂರಾಗಿದೆ? ಅಳತೆ ಪುಸ್ತಕದ ಪ್ರತಿ ಕೊಡಿ.'

ಎಲ್ಲ ದೂರೂ ಪುರಸಭೆಗೆ ಸೇರಿದ್ದಲ್ಲ ಎಂಬುದೂ ನೆನಪಿರಲಿ. ನೀರು, ಚರಂಡಿ, ಕಸ, ಬೀದಿದೀಪ, ಮನೆಯ ಖಾತೆ, ಕಟ್ಟಡದ ಪರವಾನಗಿ ಪುರಸಭೆಯವು. ಕರೆಂಟು ಹೋದರೆ ಜೆಸ್ಕಾಂ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಪಡಿತರ ಚೀಟಿ ಆಹಾರ ಇಲಾಖೆಯದು. ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಪುರಸಭೆಯ ಸಾಲಿನಲ್ಲಿ ಅರ್ಧ ದಿನ ನಿಲ್ಲುವ ಹುಡುಗರು ಈಗಲೂ ಇದ್ದಾರೆ.

ಹಣದ ಬಗ್ಗೆಯೂ ಎರಡು ಮಾತು ಹೇಳಬೇಕು. ಪುರಸಭೆಯ ಸ್ವಂತ ಆದಾಯದಲ್ಲಿ ಮುಖ್ಯವಾದುದು ಆಸ್ತಿ ತೆರಿಗೆ. ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಪದ್ಧತಿಯಿದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡ 5 ರಿಯಾಯಿತಿ. ಉಳಿದದ್ದು ಬಹುಮಟ್ಟಿಗೆ ರಾಜ್ಯ ಮತ್ತು ಕೇಂದ್ರದ ಅನುದಾನ, ಅದರಲ್ಲೂ ಬಹಳಷ್ಟು ಇಂಥ ಕೆಲಸಕ್ಕೇ ಎಂದು ಗೊತ್ತುಮಾಡಿ ಬರುತ್ತದೆ. ನಿಮ್ಮ ಓಣಿಗೆ ಬೇಕಾದದ್ದು ಮೋರಿ, ಬಂದ ಹಣ ಬೇರೆ ಕೆಲಸಕ್ಕೆ ಎಂಬ ಪರಿಸ್ಥಿತಿ ಹೀಗೆ ಹುಟ್ಟುತ್ತದೆ. ಅಂದಹಾಗೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಪಟ್ಟಣಗಳ ಅನಧಿಕೃತ ಬಡಾವಣೆಯ ಮನೆಗಳಿಗೆ 'ಬಿ' ಖಾತೆ ಕೊಡುವ ಅಭಿಯಾನ ಆರಂಭಿಸಿತು. ಹಳ್ಳಿಖೇಡದ 'ಬಿ'ಗೂ ಆ 'ಬಿ'ಗೂ ಸಂಬಂಧವಿಲ್ಲ.

ಮೂರನೆಯ ಬಾಗಿಲು ಪುರಸಭೆಯ ಸಾಮಾನ್ಯ ಸಭೆ. ಅಧ್ಯಕ್ಷರು ಗೋಪ್ಯವಾಗಿ ನಡೆಸಬೇಕೆಂದು ತೀರ್ಮಾನಿಸಿದ ವಿಷಯವನ್ನು ಬಿಟ್ಟರೆ ಸಭೆ ಸಾರ್ವಜನಿಕರಿಗೆ ತೆರೆದದ್ದು. ಅಲ್ಲಿ ನೀವು ಮಾತನಾಡುವಂತಿಲ್ಲ, ಕುಳಿತು ಕೇಳಬಹುದು. ಗ್ರಾಮಸಭೆಗೆ ಇದು ಸಮವಲ್ಲ, ನಿಜ. ಆದರೂ ನಿಮ್ಮ ಪೌರನೀತಿಯ ತರಗತಿಯ ಹತ್ತು ಜನ ನೋಟುಬುಕ್ಕು ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಿರುವಾಗ, ನಿಮ್ಮ ವಾರ್ಡಿನ ಸದಸ್ಯರು ಚರಂಡಿಯ ವಿಷಯ ಎತ್ತುತ್ತಾರೋ ಇಲ್ಲವೋ ನೋಡಬಹುದು. ಮುಂದಿನ ಸಭೆ ಯಾವ ದಿನ ಎಂದು ಕಚೇರಿಯ ಸೂಚನಾ ಫಲಕದಲ್ಲಿ ನೋಡಿ. ಅಲ್ಲಿ ಕಾಣದಿದ್ದರೆ ಒಳಗೆ ಹೋಗಿ ಕೇಳಿ.