ಕಾರಿಲ್ಲದೆ ಓಡಾಡುವ ಬಡಾವಣೆಗೆ ಹೋಗೋಣವೇ?

ಪೋಷಕರೇ, ಆಶ್‌ಬರ್ನ್‌ನ ದೊಡ್ಡ ಮನೆ ಬಿಟ್ಟು ಆರ್ಲಿಂಗ್ಟನ್‌ನ ಬಾಲ್‌ಸ್ಟನ್ ಕಡೆ ಹೋಗೋಣವೇ ಎಂದು ನೀವೂ ಲೆಕ್ಕ ಹಾಕುತ್ತಿದ್ದೀರಾ? ಅದೇ ದುಡ್ಡಿಗೆ ಅಲ್ಲಿ ಹಿತ್ತಲು ಸಿಗದು, ಕೋಣೆಗಳೂ ಕಡಿಮೆ. ಆದರೆ ಊರಿಂದ ಬರುವ ಅಜ್ಜಿ-ತಾತನನ್ನೂ ಲೆಕ್ಕಕ್ಕೆ ಸೇರಿಸಿ. ಕಾರು ಓಡಿಸದ ಅವರಿಗೆ ನೀವು ಆಫೀಸಿನಿಂದ ಬರುವವರೆಗೆ ಕಿಟಕಿಯೇ ಗತಿ. ಹನ್ನೆರಡು ವರ್ಷದ ಮಗುವಿನ ಪಾಡೂ ಅಷ್ಟೇ. ಗ್ರಂಥಾಲಯಕ್ಕೆ ಹೋಗಲೂ ನಿಮ್ಮ ಕಾರಿನ ಕೀ ಬೇಕು.

ಬಾಲ್‌ಸ್ಟನ್ ತಾನಾಗಿಯೇ ಹೀಗಾದದ್ದಲ್ಲ. ಮೆಟ್ರೋವನ್ನು ಹೆದ್ದಾರಿಯ ನಡುವೆ ಹಾಕುವುದು ಬೇಡವೆಂದು ಆರ್ಲಿಂಗ್ಟನ್ ಹಟ ಹಿಡಿದು, ಅಂಗಡಿಬೀದಿಯ ಅಡಿಯಲ್ಲಿ ಸುರಂಗ ತೆಗೆಸಿತು. 1979ರಲ್ಲಿ ರೈಲು ಬಾಲ್‌ಸ್ಟನ್ ಮುಟ್ಟಿತು. ರಾಸ್ಲಿನ್‌ನಿಂದ ಅಲ್ಲಿಗೆ ಸುಮಾರು 3 ಮೈಲಿಯಲ್ಲಿ 5 ನಿಲ್ದಾಣ. ಎತ್ತರದ ಕಟ್ಟಡಗಳೆಲ್ಲ ನಿಲ್ದಾಣದ ಪಕ್ಕ, ಹಳೆಯ ಮನೆಗಳು ಹಿಂದಿನ ಬೀದಿಗಳಲ್ಲಿ.

ಮಕ್ಕಳೇ, ಇನ್ನು ನಿಮ್ಮ ಕೆಲಸ. 2022ರಿಂದ ಆಶ್‌ಬರ್ನ್‌ನಿಂದಲೇ ಸಿಲ್ವರ್ ಲೈನ್ ಇದೆ. ಚಳಿಗಾಲದ ಒಂದು ಶನಿವಾರ ಅಪ್ಪ-ಅಮ್ಮನನ್ನು ಬಾಲ್‌ಸ್ಟನ್‌ಗೆ ಕರೆದೊಯ್ಯಿರಿ. ಹಾಲು, ತರಕಾರಿ ಕೊಂಡು, ನೀವು ನೋಡಿಟ್ಟ ಮನೆಯವರೆಗೆ ಹೊತ್ತು ನಡೆಯಿರಿ. (ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಬೇಡ, ಪಾಪ!) ಎಷ್ಟು ರಸ್ತೆ ದಾಟಿದಿರಿ, ಅಜ್ಜಿ ಕೂರಲು ಬೆಂಚು ಎಲ್ಲೆಲ್ಲಿದೆ ಎಂದು ಬರೆದುಕೊಳ್ಳಿ. ಆ ಅಕ್ಕಿಗಾಗಿ ಒಂದು ಕಾರು ಇರಲಿ. ಎರಡನೆಯದನ್ನು ಮಾರಬಹುದೇ ಎಂದು ವಾಪಸು ಬರುವಾಗ ರೈಲಿನಲ್ಲೇ ಕೇಳಿಬಿಡಿ.